ಖಾಕಿ ತೊಟ್ಟ ನಟನನ್ನು ನಾವು ನಂಬುವುದು ಯಾವಾಗ?

ಪ್ರಶ್ನೆ: ಒಬ್ಬ ನಟ ಖಾಕಿ ತೊಟ್ಟು ಬಂದರೆ ಥೇಟು ನಮ್ಮ ಠಾಣೆಯ ಪಿಎಸ್‌ಐ ಅನ್ನಿಸುತ್ತಾನೆ. ಇನ್ನೊಬ್ಬನಿಗೆ ಎತ್ತರ, ಮೈಕಟ್ಟು ಎಲ್ಲ ಇದ್ದರೂ ನಟನಾಗಿಯೇ ಉಳಿಯುತ್ತಾನೆ. ನಮ್ಮೂರ ಹುಡುಗರು ಕಿರುಚಿತ್ರ ಮಾಡುತ್ತಿದ್ದೇವೆ. ಪೊಲೀಸ್ ಪಾತ್ರಕ್ಕೆ ಎಂಥವರನ್ನು ಹಾಕಿಕೊಳ್ಳಬೇಕು?
– ಕುಮಟಾದ ಓದುಗರೊಬ್ಬರು

ಉತ್ತರ: ಮೊದಲು ಕಿವಿ ನೋಡಿ, ಆಮೇಲೆ ಮೈಕಟ್ಟು. ಎದುರಿಗಿದ್ದವರ ಮಾತನ್ನು ನಟ ಹೇಗೆ ಕೇಳಿಸಿಕೊಳ್ಳುತ್ತಾನೆ, ಮೇಲಿನವರ ಮುಂದೆ ಮತ್ತು ಕೆಳಗಿನವರ ಮುಂದೆ ಹೇಗಿರುತ್ತಾನೆ ಎನ್ನುವುದರಲ್ಲೇ ಮುಕ್ಕಾಲು ಪಾಲು ತೀರ್ಮಾನವಾಗಿಬಿಡುತ್ತದೆ.

ಉತ್ತರ ಕನ್ನಡದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತಾಳಮದ್ದಳೆಯ ಅರ್ಥಧಾರಿ ಪಂಚೆ, ಜುಬ್ಬಾ, ಹೆಗಲಿಗೊಂದು ಶಾಲು ಹಾಕಿಕೊಂಡು ಕೂತಲ್ಲೇ ಕೂತಿರುತ್ತಾರೆ. ಕಿರೀಟವಿಲ್ಲ, ಗೆಜ್ಜೆಯಿಲ್ಲ, ಮುಖಕ್ಕೆ ಬಣ್ಣವಿಲ್ಲ. ಆದರೂ ಕೌರವ ಕೌರವನೇ. ಎದುರು ಕೂತ ಕೃಷ್ಣನ ಮಾತು ಅವನಿಗೆ ಎಲ್ಲಿ ತಾಗಿತು ಅನ್ನುವುದು ನಮಗೆ ಕಾಣುತ್ತದೆ. ಕಂಡ ಮೇಲೆ ವೇಷದ ನೆನಪೇ ಬರುವುದಿಲ್ಲ.

2019ರ ‘ಕವಲುದಾರಿ’ಯಲ್ಲಿ ಅನಂತನಾಗ್ ಮಾಡಿದ ನಿವೃತ್ತ ಅಧಿಕಾರಿ ಮುತ್ತಣ್ಣನನ್ನೇ ನೋಡಿ. ಮೈಮೇಲೆ ಖಾಕಿ ಇಲ್ಲ, ನೌಕರಿಯೂ ಇಲ್ಲ. ಆದರೂ ಈ ಮನುಷ್ಯ ಆಯುಷ್ಯವಿಡೀ ಸುಳ್ಳು ಕೇಳಿಸಿಕೊಂಡು ದಣಿದವನು ಎಂದು ನಂಬಿಕೆ ಬರುತ್ತದೆ. ಅದೇ ಚಿತ್ರದಲ್ಲಿ ರಿಷಿ ಮಾಡಿದ ಶ್ಯಾಮ್ ಸಂಚಾರಿ ಪೊಲೀಸ್. ಕೊಲೆಯ ತನಿಖೆ ಅವನ ಕೆಲಸವಲ್ಲ, ಮೇಲಿನವರು ಅದನ್ನೇ ಹೇಳುತ್ತಾರೆ. ಇಲಾಖೆಯೊಳಗೆ ತನ್ನ ಜಾಗ ಎಷ್ಟು ಸಣ್ಣದು ಅಂತ ಗೊತ್ತಿರುವ ಪೊಲೀಸನನ್ನು ನಾವು ತಕ್ಷಣ ನಂಬುತ್ತೇವೆ.

ಸ್ಟಾರ್ ನಟರು ಎಡವುವುದು ಇಲ್ಲೇ ಎಂದು ನನ್ನ ಖಚಿತ ಅಭಿಪ್ರಾಯ. ಪೊಲೀಸ್ ಕೆಲಸ ಪೂರ್ತಿ ಮೇಲು ಕೆಳಗಿನ ಕೆಲಸ. ಕಾರವಾರದ ಎಸ್‌ಪಿ ಕಚೇರಿಯಿಂದ ಫೋನ್ ಬಂದರೆ ಕುರ್ಚಿಯಲ್ಲಿ ಒರಗಿದ್ದ ಪಿಎಸ್‌ಐ ತನಗೆ ಗೊತ್ತಿಲ್ಲದೆಯೇ ನೆಟ್ಟಗಾಗುತ್ತಾನೆ. ‘ಸರ್, ಸರ್’ ಎಂದು ಫೋನ್ ಇಟ್ಟು ಕಾನ್‌ಸ್ಟೆಬಲ್ ಕಡೆ ತಿರುಗುವಷ್ಟರಲ್ಲಿ ದನಿಯೇ ಬೇರೆ. ಆ ಎರಡು ದನಿಗಳ ನಡುವಿನ ಅಂತರದಲ್ಲಿ ಪಾತ್ರ ಹುಟ್ಟುತ್ತದೆ. ತಗ್ಗುವುದಕ್ಕೆ ಒಪ್ಪದ ನಟ ಎಷ್ಟು ಗುಡುಗಿದರೂ ಇದು ದಕ್ಕುವುದಿಲ್ಲ. ಅಧಿಕಾರವನ್ನು ತೋರಿಸಿಕೊಡುವವರು ಅವನ ಸುತ್ತ ಇದ್ದವರು. ಅವನು ಒಳಗೆ ಬಂದಾಗ ಬೆಂಚಿನ ಮೇಲೆ ಕೂತವರು ಎದ್ದರೆ ಸಾಕು, ಅವನು ಮೀಸೆ ತಿರುವಬೇಕಾಗಿಲ್ಲ.

ಠಾಣೆಯ ಕೆಲಸವನ್ನೂ ಹತ್ತಿರದಿಂದ ನೋಡಬೇಕು. ಅಂಕೋಲಾ ಕಡೆಯ ಮೀನುಗಾರ ಅಜ್ಜನೊಬ್ಬ ದೋಣಿಯ ಎಂಜಿನ್ ಕಳುವಾಯಿತು ಎಂದು ಬಂದ ಅಂದುಕೊಳ್ಳಿ. ಅರ್ಧ ಕೊಂಕಣಿ, ಅರ್ಧ ಕನ್ನಡ. ಎಂಜಿನ್ನಿಗೆ ಮಾಡಿದ ಸಾಲದಿಂದ ಮಾತು ಶುರುವಾಗಿ, ಅಳಿಯನ ಜಗಳಕ್ಕೆ ಹೋಗಿ, ಕಳುವಿನ ವಿಷಯಕ್ಕೆ ಬರುವಷ್ಟರಲ್ಲಿ ಹೊತ್ತಾಗಿರುತ್ತದೆ. ಪಳಗಿದ ಪೊಲೀಸ್ ನಡುವೆ ಬಾಯಿ ಹಾಕುವುದಿಲ್ಲ. ಸಂದು ಸಿಕ್ಕಾಗ ‘ಕೊನೇ ಸಲ ಎಂಜಿನ್ ನೋಡಿದ್ದು ಯಾವಾಗ, ಅಜ್ಜಾ?’ ಎಂದು ಒಂದೇ ಪ್ರಶ್ನೆ ಕೇಳುತ್ತಾನೆ. ಅಳಿಯನ ಹೆಸರನ್ನು ಮಾತ್ರ ಮನಸ್ಸಿನಲ್ಲಿ ಗುರುತು ಹಾಕಿಕೊಂಡಿರುತ್ತಾನೆ. ಹೇಳಿದ್ದನ್ನು ಬರೆದ ಮೇಲೆ ದೂರುದಾರನಿಗೆ ಓದಿ ಹೇಳಬೇಕು, ಸಹಿ ಪಡೆಯಬೇಕು, ಎಫ್‌ಐಆರ್ ಪ್ರತಿಯನ್ನು ದುಡ್ಡಿಲ್ಲದೆ ಕೊಡಬೇಕು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಹೇಳುವುದೂ ಇದನ್ನೇ. ಆ ಓದಿ ಹೇಳುವ ಕ್ಷಣ ನಟನಿಗೆ ಎಂಥ ಅವಕಾಶ! ಸಿನಿಮಾದವರು ಅದನ್ನು ಬಿಟ್ಟು ಮೇಜಿನ ಮೇಲೆ ಫೈಲು ಎಸೆಯುವುದನ್ನೇ ತೋರಿಸುತ್ತಾರೆ. ಬಂಧಿಸಿದವನನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು ಎಂಬ ನಿಯಮವೂ ಹಾಗೇ. ಗಡಿಯಾರದ ಕಡೆ ಹೊರಳುವ ಕಣ್ಣಿನಲ್ಲಿ ಇರುವಷ್ಟು ಒತ್ತಡ ಹತ್ತು ಡೈಲಾಗಿನಲ್ಲಿ ಇರುವುದಿಲ್ಲ.

ಸಮವಸ್ತ್ರದ ತಪ್ಪುಗಳು ಸಣ್ಣವು, ಆದರೆ ನಂಬಿಕೆಯನ್ನು ಥಟ್ಟನೆ ಕೆಡಿಸುತ್ತವೆ. ಪಿಎಸ್‌ಐ ಹೆಗಲಿಗೆ ಎರಡು ನಕ್ಷತ್ರ, ಇನ್‌ಸ್ಪೆಕ್ಟರಿಗೆ ಮೂರು, ಇಬ್ಬರಿಗೂ ಕೆಂಪು-ನೀಲಿ ಪಟ್ಟಿ. ಪಟ್ಟಿಯಿಲ್ಲದೆ ಮೂರು ನಕ್ಷತ್ರ ಇದ್ದರೆ ಅವರು ಡಿವೈಎಸ್‌ಪಿ. ಟೋಪಿ ಇಲ್ಲದಾಗ ಕೈಯೆತ್ತಿ ಸೆಲ್ಯೂಟ್ ಹೊಡೆಯದೆ ಸಾವಧಾನದಲ್ಲಿ ನಿಲ್ಲುವುದು ಕವಾಯತಿನ ರೂಢಿ. ನಿಮ್ಮ ಕಥೆ ಹಳೆಯ ಕಾಲದ್ದಾದರೆ ಕಾನ್‌ಸ್ಟೆಬಲ್‌ಗಳ ತಲೆಗೆ ಒಂದು ಬದಿ ಮಡಚಿದ ಸ್ಲೌಚ್ ಹ್ಯಾಟ್ ಇರಲಿ. ಅದು ಹೋಗಿ ನೀಲಿ ಪೀಕ್ ಕ್ಯಾಪ್ ಬಂದದ್ದು 2025ರಲ್ಲಿ.

ಭಾಷೆಯ ತಪ್ಪು ಇದಕ್ಕಿಂತ ದೊಡ್ಡದು. ಕಾರವಾರದ ಕಥೆಯಲ್ಲಿ ಪ್ರತಿಯೊಬ್ಬ ಪೇದೆಯೂ ಬೆಂಗಳೂರಿನ ಕನ್ನಡ ಮಾತಾಡಿದರೆ ನಮಗೆ ಹೇಗೆ ಒಪ್ಪಿಗೆಯಾದೀತು? ನಮ್ಮ ಠಾಣೆಗಳಲ್ಲಿ ಧಾರವಾಡ, ಹಾವೇರಿ ಕಡೆಯ ಮಾತು ಕೇಳುತ್ತದೆ. ಹಾಗೆ ಬಂದವರು ಮಾಜಾಳಿ ಚೆಕ್‌ಪೋಸ್ಟಿನಲ್ಲಿ ಗೋವಾ ಗಾಡಿಗಳನ್ನು ನಿಲ್ಲಿಸಿ ಹರಕು ಮುರುಕು ಕೊಂಕಣಿ ಕಲಿಯುತ್ತಾರೆ. ಆ ಹರಕು ಕೊಂಕಣಿಯೇ ಪಾತ್ರಕ್ಕೆ ಬಂಗಾರ.

ಹಾಗಾದರೆ ಅಬ್ಬರದ ಪಾತ್ರಗಳನ್ನು ಜನ ಯಾಕೆ ನಂಬಿದರು ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. 1996ರ ‘ಪೊಲೀಸ್ ಸ್ಟೋರಿ’ಯ ಸಾಯಿಕುಮಾರ್ ಧ್ವನಿಯನ್ನು ಇಂದಿಗೂ ಅನುಕರಿಸುವವರಿದ್ದಾರೆ. ಆ ಚಿತ್ರದ ಲೋಕವೇ ಆ ಎತ್ತರದ ದನಿಯಲ್ಲಿತ್ತು, ಎಲ್ಲರೂ ಅದೇ ಶ್ರುತಿಯಲ್ಲಿದ್ದರು, ಹಾಗಾಗಿ ಸಂದೇಹ ಏಳಲಿಲ್ಲ. ನಮ್ಮ ಹೊನ್ನಾವರದ ಶಂಕರನಾಗ್ 1988ರಲ್ಲಿ ‘ಸಾಂಗ್ಲಿಯಾನ’ ಮಾಡಿದಾಗ ಬಲವಾಗಿ ನಿಂತದ್ದು ಅವರ ಚುರುಕು. ಮೈಕಟ್ಟು ತೋರಿಸಿ ಗೆದ್ದವರಲ್ಲ ಅವರು. ಕೆಲಸ ಅರ್ಧಕ್ಕೆ ಬಿಟ್ಟು ಬಂದವರ ಹಾಗೆ ನಡೆಯುತ್ತಿದ್ದರು, ಆ ಅವಸರವನ್ನು ಜನ ಪ್ರಾಮಾಣಿಕತೆ ಎಂದು ಓದಿಕೊಂಡರು. ಅವರನ್ನು ನೆನೆದಾಗ ಈಗಲೂ ನನಗೆ ಹೆಮ್ಮೆಯಾಗುತ್ತದೆ.

ಇನ್ನು ನಿಮ್ಮ ಕಿರುಚಿತ್ರ. ಗುಂಪಿನಲ್ಲಿ ಅತಿ ಕಡಿಮೆ ಮಾತಾಡುವ, ಆದರೆ ಬೇರೆಯವರು ಹೇಳಿದ್ದನ್ನು ಮರುದಿನ ಸರಿಯಾಗಿ ನೆನಪಿಟ್ಟುಕೊಂಡಿರುವ ಹುಡುಗನನ್ನೋ ಹುಡುಗಿಯನ್ನೋ ಪಿಎಸ್‌ಐ ಮಾಡಿ. ಬೂಟು, ಬೆಲ್ಟು ಚಿತ್ರೀಕರಣಕ್ಕೆ ಒಂದು ವಾರ ಮೊದಲೇ ಕೊಟ್ಟು ದಿನವೂ ಹಾಕಿಕೊಂಡು ಓಡಾಡಲಿ. ಬೂಟು ಕಚ್ಚುವ ಕಾಲಿಗೆ ಪೊಲೀಸ್ ನಡಿಗೆ ಬರುವುದಿಲ್ಲ. ಸಿರ್ಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುತ್ತದೆ. ಆಗ ಬಿಡ್ಕಿಬೈಲಿನಲ್ಲಿ ಬಂದೋಬಸ್ತಿಗೆ ನಿಂತವರನ್ನು ಸಂಜೆಯ ಹೊತ್ತು ಗಮನಿಸಿ. ಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಬದಲಿಸುತ್ತಾ, ದಾರಿ ಕೇಳಿದವರಿಗೆ ಕೈ ತೋರಿಸುತ್ತಾ, ಕಣ್ಣನ್ನು ಮಾತ್ರ ಜನರ ಮೇಲಿಂದ ತೆಗೆಯದೆ ನಿಂತಿರುತ್ತಾರೆ. ಜಾತ್ರೆ ದೂರವಿದ್ದರೆ ಕುಮಟಾ ಬಸ್ ಸ್ಟ್ಯಾಂಡಾದರೂ ಆದೀತು.