ನಮ್ಮ ಜೀಪ್ ರೇಸ್ ಗೇಮ್‌ನಲ್ಲಿ ‘ಮಂಜು’ ಯಾಕೆ ಸಪ್ಪೆಯಾಗಿತ್ತು: ನನ್ನ ಟಿಪ್ಪಣಿ

ನಿನ್ನೆ ರಾತ್ರಿ ಒಂದೂವರೆಗೆ ಇದು ತಲೆಗೆ ಹೊಳೆಯಿತು. ಮರೆಯುವ ಮುಂಚೆ ಬರೆದಿಡುತ್ತಿದ್ದೇನೆ. ಗೊಡೊ (ಗೇಮ್ ಮಾಡುವ ಸಾಫ್ಟ್‌ವೇರ್) ಇನ್‌ಸ್ಟಾಲ್ ಮಾಡುವುದು ಹೇಗೆ, ಜೀಪಿಗೆ ಚಕ್ರ ಕೂರಿಸುವುದು ಹೇಗೆ ಅನ್ನುವುದೆಲ್ಲ ಇಲ್ಲಿಲ್ಲ. ಅದು ಎಲ್ಲ ಕಡೆ ಸಿಗುತ್ತದೆ.

ಹಾಸನದ ಬಾಡಿಗೆ ರೂಮಿನಲ್ಲಿ ಮೂವರು ಸೇರಿ ಒಂದು ಕಾರ್ಟ್ ಗೇಮ್ (ಪುಟ್ಟ ಗಾಡಿಗಳ ರೇಸ್) ಮಾಡುತ್ತಿದ್ದೇವೆ. ಕಾರ್ಟ್ ಬದಲು ಎಸ್ಟೇಟ್ ಜೀಪು. ಟ್ರ್ಯಾಕ್ ಅಂದರೆ ಕೊಟ್ಟಿಗೆಹಾರದಿಂದ ಇಳಿಯುವ ಚಾರ್ಮಾಡಿ ಘಾಟಿ. ಒಟ್ಟು ಆರು ಜೀಪು. ದಾರಿಯಲ್ಲಿ ಕಾಫಿ ಮೂಟೆ ಸಿಗುತ್ತದೆ, ಗುದ್ದಿದರೆ ಒಳಗಿಂದ ಏನಾದರೊಂದು ಐಟಂ ಬರುತ್ತದೆ. ಬಾಳೆಹಣ್ಣಿನ ಸಿಪ್ಪೆ, ಸ್ಟ್ರಾಂಗ್ ಕಾಫಿ (ಕುಡಿದರೆ ಜೀಪು ಓಡುತ್ತದೆ, ತರ್ಕ ಕೇಳಬೇಡಿ), ಮತ್ತೆ ಮಂಜು.

ಮಂಜು ಬಂದರೆ ಆಡುವವರು ‘ಅಯ್ಯೋ’ ಅನ್ನುತ್ತಿದ್ದರು. ಮಂಜಿನೊಳಗೆ ಸಿಕ್ಕಿಕೊಂಡವರಲ್ಲ, ಐಟಂ ಕೈಗೆ ಬಂದವರು! ಐಟಂ ಸೋತಿದೆ ಅನ್ನುವುದಕ್ಕೆ ಇದಕ್ಕಿಂತ ದೊಡ್ಡ ಗುರುತು ಬೇಕಿಲ್ಲ.

ಮೊದಲು ಹೇಗಿತ್ತು

ಮಾರಿಯೋ ಕಾರ್ಟ್‌ನ ಬ್ಲೂಪರ್ ನೋಡಿ ಮಾಡಿದ್ದು (ಮಾರಿಯೋ ಕಾರ್ಟ್ ಅಂದರೆ ನಿಂಟೆಂಡೊ ಕಂಪನಿಯ ಕಾರ್ಟ್ ಗೇಮ್). 2005ರ ಮಾರಿಯೋ ಕಾರ್ಟ್ ಡಿಎಸ್‌ನಲ್ಲಿ ಐಟಂ ಆಗಿ ಬಂದ ಆ ಕಡಲ ಪ್ರಾಣಿ, ಮುಂದಿರುವವರ ಪರದೆ ಮೇಲೆಲ್ಲ ಮಸಿ ಚೆಲ್ಲುತ್ತದೆ. ನಾವು ಮಸಿ ಬದಲು ಬಿಳಿ ಮಂಜು ಹಾಕಿದ್ದೆವು. ಎಸೆದವನಿಗಿಂತ ಮುಂದಿರುವ ಎಲ್ಲರ ಪರದೆಗೂ 3 ಸೆಕೆಂಡ್ ಮಂಜು.

ಅದರ ಕಷ್ಟ ಬೇಗ ಗೊತ್ತಾಯಿತು. ಹತ್ತು ಸಲ ಆಡಿದವನಿಗೆ ದಾರಿ ಬಾಯಿಪಾಠ. ಕಣ್ಣು ಮುಚ್ಚಿದರೂ ತಿರುವು ತೆಗೆಯುತ್ತಾನೆ. ಹೊಸಬ ಮಾತ್ರ ತಡೆಗೋಡೆಗೆ ಗುದ್ದುತ್ತಾನೆ. ಸರಿ, 3 ಸೆಕೆಂಡನ್ನು 6 ಮಾಡಿದೆ. ರೂಮ್‌ಮೇಟ್‌ಗೆ ಏನೂ ಆಗಲಿಲ್ಲ. ನೋಡಲು ಬಂದಿದ್ದ ಅವನ ತಂಗಿ ಮೂರು ಸಲ ಪ್ರಪಾತಕ್ಕೆ ಬಿದ್ದು, ‘ನಿಮ್ಮ ಗೇಮ್ ನೀವೇ ಆಡ್ಕೊಳ್ಳಿ’ ಅಂತ ಎದ್ದು ಹೋದಳು. ಮುಂದಿರುವವನನ್ನು ಹಿಂದಕ್ಕೆ ಎಳೆಯಬೇಕಿದ್ದ ಐಟಂ, ಆಟ ಬರದವರನ್ನೇ ಹುಡುಕಿ ಹೊಡೆಯುತ್ತಿತ್ತು.

ನಾನು ಎಡವಿದ ಜಾಗ (ಇದನ್ನು ನಿಧಾನಕ್ಕೆ ಓದಿ)

ಇಷ್ಟಾದರೂ ನನಗೆ ಒಂದು ಲೆಕ್ಕ ಅರ್ಥವಾಗುತ್ತಿರಲಿಲ್ಲ. ಕಾಗದದ ಮೇಲೆ ಮಂಜು ಕಾಫಿಗಿಂತ ಬಲವಾಗಿಯೇ ಇತ್ತು! ಎರಡು ದಿನ ಇದರಲ್ಲೇ ಸಿಕ್ಕಿಕೊಂಡಿದ್ದೆ.

ಮೊದಲು ಕಾಫಿ. ಜೀಪಿನ ಮಾಮೂಲಿ ವೇಗ ಸೆಕೆಂಡಿಗೆ 25 ಮೀಟರ್. ಕಾಫಿ ಕುಡಿದರೆ 3 ಸೆಕೆಂಡ್ ಹೊತ್ತು 35 ಮೀಟರ್. ಅಂದರೆ ಸೆಕೆಂಡಿಗೆ 10 ಜಾಸ್ತಿ, 3 ಸೆಕೆಂಡಿಗೆ 30 ಮೀಟರ್ ಜಾಸ್ತಿ. ಆ 30 ಮೀಟರನ್ನು ಮಾಮೂಲಿ ವೇಗದಲ್ಲಿ ಹೋಗಲು ಎಷ್ಟು ಹೊತ್ತು? 30 ಭಾಗಿಸು 25, ಅಂದರೆ 1.2 ಸೆಕೆಂಡ್. ಕಾಫಿಯ ಬೆಲೆ 1.2.

ಈಗ ಹಳೇ ಮಂಜು. ಹೊಸಬರು, ಹಳಬರು ಎಲ್ಲ ಸೇರಿ ಸರಾಸರಿ ತಲಾ 0.4 ಸೆಕೆಂಡ್ ಕಳೆದುಕೊಳ್ಳುತ್ತಿದ್ದರು. ನಾನು 5ನೇ ಸ್ಥಾನದಲ್ಲಿದ್ದರೆ ಮುಂದೆ ನಾಲ್ಕು ಜೀಪು. ನಾಲ್ಕು ಗುಣಿಸು 0.4, ಅಂದರೆ 1.6. ಕಾಫಿ 1.2, ಮಂಜು 1.6. ಮಂಜೇ ಗೆದ್ದಿತಲ್ಲ? ಹಾಗಾದರೆ ಜನ ಯಾಕೆ ಬೈಯುತ್ತಾರೆ?

ತಪ್ಪು ಆ ಗುಣಾಕಾರದಲ್ಲೇ ಇದೆ. ನಾಲ್ವರ ನಷ್ಟವನ್ನು ಕೂಡಿಸಿದರೆ ಅದು ನನ್ನ ಲಾಭ ಆಗುವುದಿಲ್ಲ. ನಾಲ್ಕು ಮನೆಯವರು ತಲಾ ಹತ್ತು ರೂಪಾಯಿ ಕಳೆದುಕೊಂಡರೆ ನನ್ನ ಜೇಬಿಗೆ ನಲವತ್ತು ಬರುತ್ತದಾ? ಇಲ್ಲ. ರೇಸ್‌ನಲ್ಲಿ ನಾನು ನೋಡಬೇಕಾದ್ದು ನನಗೂ ಪ್ರತಿಯೊಬ್ಬನಿಗೂ ನಡುವಿನ ಅಂತರ ಎಷ್ಟು ಕಡಿಮೆಯಾಯಿತು ಅಂತ. ಅದು ನಾಲ್ವರ ಜೊತೆಗೂ ಬರೀ 0.4.

ಇನ್ನೂ ನಂಬಿಕೆ ಬರದಿದ್ದರೆ ನನ್ನ ಹಾಗೆ ಕಾಗದದಲ್ಲಿ ಬರೆದು ನೋಡಿ. ಆರು ಜೀಪು, ಒಂದೊಂದು ಸೆಕೆಂಡ್ ಅಂತರ. ಮೊದಲಿನವನು 0, ಆಮೇಲೆ 1, 2, 3. ನಾನು 4. ಕೊನೆಯವನು 5. ಮಂಜು ಎಸೆದೆ. ಮುಂದಿನ ನಾಲ್ವರು 0.4, 1.4, 2.4, 3.4 ಆದರು. ನಾನು 4ರಲ್ಲೇ ಇದ್ದೇನೆ. ಸ್ಥಾನ? ಐದನೆಯದೇ. ಅದೇ ಜಾಗದಲ್ಲಿ ಕಾಫಿ ಕುಡಿದಿದ್ದರೆ ನಾನು 4ರಿಂದ 2.8ಕ್ಕೆ ಬರುತ್ತಿದ್ದೆ. 3ರಲ್ಲಿದ್ದವನನ್ನು ದಾಟಿ ನಾಲ್ಕನೇ ಸ್ಥಾನ.

ಇದಕ್ಕಿಂತ ಹೊಟ್ಟೆ ಉರಿಸುವ ವಿಷಯ ಇನ್ನೊಂದಿದೆ. ನನ್ನ ಹಿಂದಿರುವ ಆರನೆಯವನನ್ನು ನೋಡಿ. ಮಂಜು ಎಸೆದದ್ದು ನಾನು. ಆದರೆ ಆ ನಾಲ್ವರಿಗೆ ಅವನೂ 0.4 ಹತ್ತಿರವಾದ, ಪುಕ್ಕಟೆ. ಐಟಂ ಖರ್ಚು ಮಾಡಿದ್ದು ನಾನು, ಊಟ ಇಬ್ಬರದ್ದೂ. ಕಾಫಿ ಹಾಗಲ್ಲ, ಕುಡಿದವನಿಗೆ ಮಾತ್ರ.

ಇದು ಗೊತ್ತಾದ ಮೇಲೆ ಬೇರೆ ಐಟಂಗಳೂ ಹೊಸದಾಗಿ ಕಾಣಿಸತೊಡಗಿದವು. 1996ರ ಮಾರಿಯೋ ಕಾರ್ಟ್ 64ರಿಂದ ಇರುವ ನೀಲಿ ಚಿಪ್ಪು ಮೊದಲಿನವನನ್ನು ಹೊಡೆಯುತ್ತದೆ. ಆದರೆ ಅದು ಸಿಗುವುದು ತುಂಬಾ ಹಿಂದಿರುವವನಿಗೆ. ಲಾಭ ಹೋಗುವುದು ಎರಡನೆಯವನಿಗೆ. ಮಾರಿಯೋ ಕಾರ್ಟ್‌ನ ಸಿಡಿಲು ಐಟಂ ಪರವಾಗಿಲ್ಲ. ಅದು ಎಸೆದವನನ್ನು ಬಿಟ್ಟು ಎಲ್ಲರನ್ನೂ ಕುಗ್ಗಿಸುತ್ತದೆ, ಹಿಂದಿರುವವನನ್ನೂ ಸೇರಿಸಿ. ಜೊತೆಗೆ ಮುಂದಿರುವವರು ಜಾಸ್ತಿ ಹೊತ್ತು ಕುಗ್ಗಿಕೊಂಡೇ ಇರುತ್ತಾರೆ. ಈ ಕೊನೆಯ ಉಪಾಯವನ್ನು ನಾನು ಎತ್ತಿಕೊಂಡೆ, ಕೆಳಗೆ ಬರುತ್ತದೆ.

ಮಾವನ ಜೀಪಿನಲ್ಲಿ ಸಿಕ್ಕಿದ್ದು

ಪರಿಹಾರ ಕಂಪ್ಯೂಟರ್ ಮುಂದೆ ಸಿಗಲಿಲ್ಲ. ಮೂಡಿಗೆರೆಯಲ್ಲಿ ಮಾವ ಎಸ್ಟೇಟ್ ಜೀಪು ಓಡಿಸುತ್ತಾರೆ. ಹೋದ ವಾರ ಅವರ ಜೊತೆ ಸಂಜೆ ಚಾರ್ಮಾಡಿ ಇಳಿಯುವಾಗ ದಟ್ಟ ಮಂಜು. ನಾನು ಸುಮ್ನೆ ಕೇಳಿದೆ, ‘ಮಾವ, ಲೈಟ್ ಜೋರಾಗಿ ಹಾಕಬಾರದಾ?’

‘ಹಾಕಿ ತೋರಿಸ್ಲಾ?’ ಅಂದರು. ಹಾಕಿದರು. ಎದುರಿಗೆ ಬಿಳಿ ಗೋಡೆ ಎದ್ದ ಹಾಗಾಯಿತು. ರಸ್ತೆ ಅಂಚಿನ ಬಿಳಿ ಗೆರೆಯೂ ಹೋಯಿತು. ಮತ್ತೆ ಡಿಮ್ ಮಾಡಿದರು, ಗೆರೆ ವಾಪಸ್ ಬಂತು. ಮಂಜಿನ ಹನಿಗಳು ಬೆಳಕನ್ನು ನಮ್ಮ ಕಣ್ಣಿಗೇ ತಿರುಗಿಸಿ ಹೊಡೆಯುತ್ತವೆ. ಅದಕ್ಕೇ ಫಾಗ್ ಲೈಟನ್ನು ಬಂಪರ್ ಹತ್ತಿರ ಕೆಳಗೆ ಕೂರಿಸಿ, ಬೆಳಕನ್ನು ಅಗಲಕ್ಕೆ, ರಸ್ತೆಗೆ ಅಂಟಿಕೊಂಡ ಹಾಗೆ ಬಿಡುವುದು.

ಎರಡು ತಿರುವು ಆದಮೇಲೆ ಮಾವ ಇದ್ದಕ್ಕಿದ್ದಂತೆ ಬ್ರೇಕ್ ಒತ್ತಿದರು. ರಸ್ತೆ ಮೇಲೆ ಮುರಿದ ಮರದ ಕೊಂಬೆ, ಎಲೆ ಇನ್ನೂ ಹಸಿರು. ನಾಲ್ಕು ಮಾರು ಮುಂದೆ ಕೆಟ್ಟು ನಿಂತ ಲಾರಿ. ಕೊಂಬೆ ನೋಡಿದರೆ ಮುಂದೆ ಗಾಡಿ ನಿಂತಿದೆ ಅಂತ ಅರ್ಥ, ಇಲ್ಲಿ ಎಲ್ಲರಿಗೂ ಗೊತ್ತು. ದಾರಿ ಎಷ್ಟೇ ಬಾಯಿಪಾಠ ಇರಲಿ, ಆ ಲಾರಿ ನಿನ್ನೆ ಅಲ್ಲಿರಲಿಲ್ಲ.

ಹೊಸ ಮಂಜು ಹುಟ್ಟಿದ್ದು ಅಲ್ಲೇ.

ಹೊಸ ಮಂಜು

ಮಂಜು ಈಗ ಪರದೆ ಮೇಲೆ ಬೀಳುವುದಿಲ್ಲ, ರಸ್ತೆ ಮೇಲೆ ಬೀಳುತ್ತದೆ. ಮೊದಲಿನವನ ಎದುರಿಗೆ, 150 ಮೀಟರ್ ಉದ್ದ. ಎಸೆದವನ ಜೀಪಿಗೆ ಹಳದಿ ಫಾಗ್ ಲೈಟ್ ಹತ್ತಿಕೊಳ್ಳುತ್ತದೆ, ಅವನಿಗೆ ಎಲ್ಲ ಕಾಣುತ್ತದೆ. ಉಳಿದ ಐವರಿಗೂ ಮಂಜು, ಹಿಂದಿರುವವನಿಗೂ. 4 ಸೆಕೆಂಡ್ ಆದಮೇಲೆ ತೆಳುವಾಗುತ್ತಾ ಹೋಗುತ್ತದೆ. ಹಾಗಾಗಿ ಮೊದಲು ನುಗ್ಗುವವನಿಗೆ ಜಾಸ್ತಿ ಏಟು, ಕೊನೆಯವನಿಗೆ ಕಡಿಮೆ. ಸಿಡಿಲಿನಿಂದ ಕದ್ದದ್ದು ಇದೇ.

ಒಳಗೆ ಒಂದು ಲಾರಿ. ಎಡಕ್ಕೋ ಬಲಕ್ಕೋ, ಪ್ರತಿ ಸಲ ಚೀಟಿ ಎತ್ತಿದ ಹಾಗೆ. ಹಿಂದೆ ಕೊಂಬೆ. ಆಡುವವನ ಕೈಯಲ್ಲಿ ಒಂದೇ ಗುಂಡಿ: ಡಿಮ್.

ಡಿಮ್ ಮಾಡಿದರೆ ಕೊಂಬೆ ಕಾಣುತ್ತದೆ, ಆದರೆ ವೇಗ 22ಕ್ಕೆ ಇಳಿಯುತ್ತದೆ. 150 ಮೀಟರ್‌ಗೆ 25ರಲ್ಲಿ 6 ಸೆಕೆಂಡ್, 22ರಲ್ಲಿ ಸುಮಾರು 6.8. ನಷ್ಟ 0.8. ಡಿಮ್ ಮಾಡದೆ ನುಗ್ಗಿದರೆ ವೇಗ 25ರಲ್ಲೇ ಇರುತ್ತದೆ, ಆದರೆ ಲಾರಿ ಯಾವ ಕಡೆ ಅಂತ ಗೊತ್ತಿಲ್ಲ. ಗುದ್ದಿದರೆ 2 ಸೆಕೆಂಡ್ ಹೋಯಿತು. ಅರ್ಧ ಸಲ ಗುದ್ದುತ್ತಾನೆ ಅಂದುಕೊಂಡರೆ ಸರಾಸರಿ ನಷ್ಟ 1.

0.8 ಮತ್ತು 1 ಇಷ್ಟು ಹತ್ತಿರ ಇರಬೇಕು ಅಂತಲೇ ಆ 2 ಸೆಕೆಂಡನ್ನು ಇಟ್ಟಿದ್ದು. ಮೊದಲು 4 ಇಟ್ಟಿದ್ದೆ, ಆಗ ಸರಾಸರಿ 2 ಆಗಿ ಎಲ್ಲರೂ ಕಣ್ಣು ಮುಚ್ಚಿ ಡಿಮ್ ಒತ್ತುತ್ತಿದ್ದರು. 1 ಇಟ್ಟಾಗ ಯಾರೂ ಒತ್ತಲಿಲ್ಲ. ಈಗ ಮುಂದಿರುವವನು ಡಿಮ್ ಮಾಡುತ್ತಾನೆ, ಕೊನೇ ಲ್ಯಾಪ್‌ನಲ್ಲಿ ಹಿಂದೆ ಬಿದ್ದವನು ‘ಆಗಿದ್ದಾಗಲಿ’ ಅಂತ ನುಗ್ಗುತ್ತಾನೆ.

ಹಳೇ ಕಾಗದ ಮತ್ತೆ ತೆಗೆಯೋಣ. ನಾನು 4ರಲ್ಲಿ, ಮುಂದಿನವನು 3ರಿಂದ ಸುಮಾರು 3.8ಕ್ಕೆ ಬರುತ್ತಾನೆ, ಹಿಂದಿನವನು 5ರಿಂದ 5.3ರ ಆಸುಪಾಸಿಗೆ ಜಾರುತ್ತಾನೆ. ಈಗಲೂ ಮಂಜು ಒಂದೇ ಏಟಿಗೆ ಸ್ಥಾನ ಕೊಡುವುದಿಲ್ಲ. ಆದರೆ 0.2 ಸೆಕೆಂಡ್ ಅಂದರೆ 5 ಮೀಟರ್. ಅವನ ಬಾಲ ಹಿಡಿದ ಹಾಗೆಯೇ. ಕಾಫಿಯೇ ಇನ್ನೂ ಬಲ ಜಾಸ್ತಿ, ಅದು ಹಾಗೇ ಇರಲಿ ಅಂತ ಬಿಟ್ಟಿದ್ದೇನೆ. ಎಲ್ಲ ಐಟಂ ಸಮ ಆಗಬೇಕಿಲ್ಲ, ಸಿಕ್ಕಾಗ ‘ಅಯ್ಯೋ’ ಅನ್ನದಿದ್ದರೆ ಸಾಕು.

ಚಿಲ್ಲರೆ ವಿಷಯಗಳು

ಐಟಂ ತೂಕ (ಮೂಟೆಯಿಂದ ಯಾವ ಐಟಂ ಎಷ್ಟು ಸಲ ಬರಬೇಕು ಅಂತ ಹೇಳುವ ಅಂಕಿ): ಮಂಜಿನ ತೂಕ 10, ಒಟ್ಟು 100 ಇತ್ತು. 20 ಮಾಡಿದರೆ ಸಿಗುವ ಸಾಧ್ಯತೆ 20% ಆಗುವುದಿಲ್ಲ. ಒಟ್ಟು ಈಗ 110, ಹಾಗಾಗಿ ಸುಮಾರು 18%. ಉಳಿದ ಐಟಂಗಳೂ ಕದ್ದು ಕಡಿಮೆಯಾಗುತ್ತವೆ.

ಕಂಪ್ಯೂಟರ್ ಓಡಿಸುವ ಜೀಪುಗಳಿಗೆ ಕಣ್ಣಿಲ್ಲ, ಮಂಜು ಹಾಕಿದರೂ ಅವು ಹಾಯಾಗಿ ಹೋಗುತ್ತಿದ್ದವು. ಅವು 20 ಮೀಟರ್ ಮುಂದಿನ ಬಿಂದು ನೋಡಿ ತಿರುಗುತ್ತವೆ. ಮಂಜಿನಲ್ಲಿ ಅದನ್ನು 7 ಮಾಡಿದೆ. ತಡವಾಗಿ ಬ್ರೇಕ್ ಹಾಕುತ್ತವೆ, ತಡವಾಗಿ ತಿರುಗುತ್ತವೆ, ಥೇಟ್ ಮನುಷ್ಯರ ಹಾಗೆ.

ಇನ್ನೊಂದು. ಮುಂದಿನ ಜೀಪಿನ ಕೆಂಪು ದೀಪ ಮಂಜಿನಲ್ಲೂ ಕಾಣುವ ಹಾಗೆ ಮಾಡಿದ್ದೆ, ಹಿಂದಿನವನು ಅದನ್ನೇ ನೋಡಿಕೊಂಡು ಹೋಗಲಿ ಅಂತ. ಮೊನ್ನೆ ರೂಮ್‌ಮೇಟ್ ಹಾಗೇ ದೀಪ ಹಿಡಿದು ಹೋದ. ಮುಂದಿದ್ದದ್ದು ಅವನ ತಂಗಿಯ ಜೀಪು. ಅವಳು ಪ್ರಪಾತಕ್ಕೆ ಬಿದ್ದಳು, ಇವನೂ ಹಿಂದೆಯೇ ಬಿದ್ದ. ‘ಇದು ಬಗ್, ಸರಿ ಮಾಡು’ ಅಂತ ಅವನ ಗಲಾಟೆ. ‘ಮುಟ್ಟಿದರೆ ನೋಡಿ’ ಅಂತ ಅವಳದು. ಹಾಗೇ ಬಿಟ್ಟಿದ್ದೇನೆ.