ಬಟನ್ ಒತ್ತದೆ ಕಣ್ಣು ಹೇಳುವ ಸುದ್ದಿ

ಶಿರಸಿಯ ಕಣ್ಣಿನ ಆಸ್ಪತ್ರೆಯೊಂದರಲ್ಲಿ ಫೀಲ್ಡ್ ಟೆಸ್ಟ್, ಅಂದರೆ ನೋಟದ ಹರವಿನ ಪರೀಕ್ಷೆ, ಮುಗಿಸಿ ಹೊರಬಂದ ಆಯಿಯ ಮುಖ ಗಣಿತದ ಪರೀಕ್ಷೆ ಬರೆದ ಮಕ್ಕಳ ಹಾಗಿತ್ತು. ಬಟ್ಟಲಿನಂಥ ಯಂತ್ರಕ್ಕೆ ಗಲ್ಲ ಕೊಟ್ಟು ನಡುವಿನ ಚುಕ್ಕೆಯನ್ನೇ ನೋಡುತ್ತಾ ಕೂರಬೇಕು. ಸುತ್ತ ಎಲ್ಲಾದರೂ ಬೆಳಕು ಮಿನುಗಿದರೆ ಕೈಯಲ್ಲಿರುವ ಬಟನ್ ಒತ್ತಬೇಕು. "ಸುಮಾರು ಹೊತ್ತು ಬೆಳಕೇ ಬರಲಿಲ್ಲ. ಹೆದರಿಕೆಯಾಗಿ ಎರಡು ಸಲ ಸುಮ್ನೆ ಒತ್ತಿದೆ" ಅಂದಳು. ಯಂತ್ರ ಅದನ್ನೂ ಹಿಡಿದಿತ್ತು. ಇನ್ನೊಮ್ಮೆ ಮಾಡೋಣ ಎಂದರು ಡಾಕ್ಟರು.

ಅನುಮಾನ ಇದ್ದದ್ದು ಗ್ಲಾಕೋಮಾದ ಮೇಲೆ. ಕಣ್ಣಿನೊಳಗೆ ಸದಾ ಒಂದು ನೀರು ಹುಟ್ಟುತ್ತದೆ, ಬಸಿದು ಹೋಗುತ್ತದೆ. ಕಣ್ಣೀರಲ್ಲ, ಅದು ಬೇರೆ. ಅಡಿಕೆ ತೋಟದ ಬಸಿಗಾಲುವೆ ಕಟ್ಟಿಕೊಂಡರೆ ಬೇರಿಗೆ ಕುತ್ತು, ಅಲ್ವಾ? ಹಾಗೆ ಈ ನೀರು ಸರಿಯಾಗಿ ಬಸಿಯದಿದ್ದರೆ ಒತ್ತಡ ಏರಿ, ಹಿಂದಿರುವ ಕಣ್ಣಿನ ನರ ನಿಧಾನ ಸಾಯುತ್ತದೆ. ಸಾಮಾನ್ಯ ಒತ್ತಡ 10ರಿಂದ 21 ಮಿಲಿಮೀಟರ್ ಪಾದರಸ. ಆದರೆ ಒತ್ತಡ ಸರಿಯಿದ್ದೂ ಗ್ಲಾಕೋಮಾ ಬರುವವರಿದ್ದಾರೆ, ಹಾಗಾಗಿ ಒತ್ತಡ ಅಳೆದು ಸುಮ್ಮನಾಗುವ ಹಾಗಿಲ್ಲ.

ಆ ನರದಲ್ಲಿ ಸುಮಾರು 10 ಲಕ್ಷ ಎಳೆಗಳಿವೆ. ಅವು ಸಾಯುವಾಗ ನೋವಿಲ್ಲ, ಕಣ್ಣು ಕೆಂಪಾಗುವುದಿಲ್ಲ. ಒಂದು ಕಣ್ಣಿಗೆ ಕಾಣದ್ದನ್ನು ಇನ್ನೊಂದು ಕಣ್ಣು ತುಂಬಿಕೊಡುತ್ತದೆ, ಉಳಿದದ್ದನ್ನು ಮೆದುಳು ಹೊಂದಿಸಿಕೊಳ್ಳುತ್ತದೆ. ಫೀಲ್ಡ್ ಟೆಸ್ಟಿನಲ್ಲಿ ದೋಷ ಸ್ಪಷ್ಟವಾಗಿ ಕಾಣುವ ಹೊತ್ತಿಗೆ ಕಾಲು ಭಾಗದಷ್ಟು ನರಕೋಶಗಳು ಹೋಗಿರಬಹುದು. ಹೋದದ್ದು ಮರಳಿ ಬರುವುದಿಲ್ಲ. ಅದರ ಮೇಲೆ ನಿದ್ದೆ, ಗಾಬರಿ, ಬೇಸರ ಎಲ್ಲ ಸೇರಿ ಆ ಟೆಸ್ಟನ್ನು ಕೆಡಿಸುತ್ತವೆ. ಅದಕ್ಕೇ ರೋಗಿಯ ಉತ್ತರಕ್ಕೆ ಕಾಯದೆ ಕಣ್ಣನ್ನೇ ಕೇಳುವ ಪರೀಕ್ಷೆಗಳು ಬೇಕಾದದ್ದು.

ಅವುಗಳಲ್ಲಿ ತೀರಾ ಅಗ್ಗದ್ದಕ್ಕೆ ಒಂದು ಟಾರ್ಚ್ ಸಾಕು. ಕತ್ತಲು ಮಾಡಿದ ಕೋಣೆಯಲ್ಲಿ ಡಾಕ್ಟರು ಬೆಳಕನ್ನು ಆ ಕಣ್ಣಿಂದ ಈ ಕಣ್ಣಿಗೆ, ಈ ಕಣ್ಣಿಂದ ಆ ಕಣ್ಣಿಗೆ ಸರಿಸುತ್ತಾರೆ. ಒಂದು ಕಣ್ಣಿಗೆ ಬೆಳಕು ಬಿದ್ದರೆ ಎರಡೂ ಪಾಪೆ ಕುಗ್ಗಬೇಕು. ಒಂದು ಕಡೆಯ ನರ ಸೊರಗಿದ್ದರೆ, ಬೆಳಕು ಅತ್ತ ಸರಿದಾಗ ಪಾಪೆ ಕುಗ್ಗುವ ಬದಲು ಹಿಗ್ಗುತ್ತದೆ! ನಾನು ಪಕ್ಕದಲ್ಲೇ ನಿಂತು ನೋಡಿದೆ. ಆಯಿಯ ಎರಡೂ ಪಾಪೆ ಸರಿಯಾಗೇ ಕುಗ್ಗಿದವು. ಅಷ್ಟಕ್ಕೇ ನಿರಾಳವಾಗುವಂತಿಲ್ಲ. ಎರಡು ನರಗಳೂ ಸಮಸಮವಾಗಿ ಸೊರಗಿದ್ದರೆ ಟಾರ್ಚಿಗೆ ಗೊತ್ತಾಗುವುದಿಲ್ಲ.

ಇದೇ ಪಾಪೆಯ ಉಪಾಯವನ್ನು ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿಯವರು ಮುಂದೆ ಒಯ್ದಿದ್ದಾರೆ. ನೋಟದ ಬೇರೆಬೇರೆ ಜಾಗಗಳಲ್ಲಿ ಬೆಳಕು ಮಿನುಗಿಸಿ, ಪ್ರತಿ ಸಲ ಪಾಪೆ ಎಷ್ಟು ಕುಗ್ಗಿತು ಎಂದು ಕ್ಯಾಮೆರಾದಲ್ಲಿ ಅಳೆಯುತ್ತಾರೆ. ಫೀಲ್ಡ್ ಟೆಸ್ಟೇ, ಆದರೆ ಬಟನ್ ಇಲ್ಲ. ಕಪ್ಪು ಬಿಳುಪು ಚೌಕಗಳನ್ನು ಅದಲುಬದಲು ಮಾಡುತ್ತಾ ಕಣ್ಣಿನ ಸಣ್ಣ ವಿದ್ಯುತ್ತನ್ನು ಅಳೆಯುವ ಇನ್ನೊಂದು ಪರೀಕ್ಷೆಯೂ ಇದೆ. ಸೊರಗಿದ ಕೋಶ ಸಾಯುವ ಮೊದಲೇ ಸುಳಿವು ಸಿಗಬಹುದು ಎಂಬ ಆಸೆ ಅದರ ಮೇಲಿದೆ.

ನಮ್ಮ ಕಡೆ ಬಳಕೆಯಲ್ಲಿರುವುದು ಓಸಿಟಿ (ಆಪ್ಟಿಕಲ್ ಕೊಹೆರೆನ್ಸ್ ಟೊಮೊಗ್ರಫಿ). ಅಮೆರಿಕದ ಎಂಐಟಿಯಲ್ಲಿ ರೂಪುಗೊಂಡ ಈ ವಿಧಾನ 1991ರಲ್ಲಿ ಮೊದಲು ಪ್ರಕಟವಾಯಿತು. ಶಬ್ದದ ಬದಲು ಬೆಳಕಿನಿಂದ ಮಾಡುವ ಸ್ಕ್ಯಾನಿಂಗ್ ಅನ್ನಿ. ಕಣ್ಣಿನ ಹಿಂಭಾಗದ ನರಪದರದ ದಪ್ಪವನ್ನು ಮೈಕ್ರಾನ್ ಲೆಕ್ಕದಲ್ಲಿ ಹೇಳುತ್ತದೆ. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಆರೋಗ್ಯವಂತರಲ್ಲಿ ಆ ಪದರ ಸರಾಸರಿ 100 ಮೈಕ್ರಾನ್ ಆಸುಪಾಸು. ಮುದ್ರಿತ ಹಾಳೆಯಲ್ಲಿ ಹಸಿರು, ಹಳದಿ, ಕೆಂಪು; ಪದರ ತೆಳುವಾದಷ್ಟೂ ಬಣ್ಣ ಕೆಂಪಿನತ್ತ. ಕೆಂಪು ಕಂಡ ಕೂಡಲೇ ಎದೆ ಹೊಡೆದುಕೊಳ್ಳುವುದು ಬೇಡ. ಜಾಸ್ತಿ ಮೈನಸ್ ಕನ್ನಡಕದವರಿಗೆ ಗ್ಲಾಕೋಮಾ ಇಲ್ಲದೆಯೂ ಕೆಂಪು ಬರುತ್ತದೆ. ಯಂತ್ರಕ್ಕೆ ಗಾಬರಿಯಿಲ್ಲ, ನಿಜ, ತಪ್ಪಂತೂ ಇದೆ.

ಆಯಿಯ ಎಡಗಣ್ಣಿನ ಹಾಳೆಯಲ್ಲಿ ಕೆಳಗೊಂದು ಕೆಂಪು ಚೂರು ಇತ್ತು. ಕಣ್ಣಿನೊಳಗೆ ಚಿತ್ರ ತಲೆಕೆಳಗಾಗಿ ಬೀಳುವುದರಿಂದ, ಪದರ ಕೆಳಗೆ ಸವೆದರೆ ನೋಟ ಮಬ್ಬಾಗುವುದು ಮೇಲೆ. ಮುಂದಿನ ವಾರ ಬೆಳಿಗ್ಗೆ ಬೆಳಿಗ್ಗೆ, ಚೆನ್ನಾಗಿ ನಿದ್ದೆ ಮಾಡಿ ಬಂದು ಫೀಲ್ಡ್ ಟೆಸ್ಟ್ ಮತ್ತೆ ಮಾಡಿಸಿದಳು. ಎಡಗಣ್ಣಿನ ಮೇಲ್ಭಾಗದಲ್ಲೇ ನಾಲ್ಕು ಚುಕ್ಕೆ ಮಸುಕು. ಎರಡೂ ಹಾಳೆಗಳನ್ನು ಪಕ್ಕಪಕ್ಕ ಇಟ್ಟು ಡಾಕ್ಟರು ಹನಿಮದ್ದು ಬರೆದರು, ರಾತ್ರಿ ಒಂದೇ ಹನಿ.

"ಎಲ್ಲ ಕಾಣ್ತದಲ್ಲ, ಮತ್ತೆ ಹನಿ ಯಾಕೆ?" ಅಂತ ಆಯಿ ಈಗಲೂ ಕೇಳುತ್ತಾಳೆ. ಕೇಳುತ್ತಲೇ ತಲೆ ಹಿಂದಕ್ಕೆ ಹಾಕಿ ಕಣ್ಣು ಬಿಡುತ್ತಾಳೆ.