ಗೆದ್ದ ಊರು ವಾಪಸ್ ಹೋದ ಕಥೆ: ಮ್ಯಾನ್ಮಾರ್ ಅಂತರ್ಯುದ್ಧದ ಹಿನ್ನೆಲೆ

2024ರ ಆಗಸ್ಟ್ ಮೊದಲ ವಾರ ಮ್ಯಾನ್ಮಾರ್‌ನ ಉತ್ತರ ಶಾನ್ ಪ್ರಾಂತ್ಯದ ದೊಡ್ಡ ಪಟ್ಟಣ ಲಾಶಿಯೊ ಬಂಡುಕೋರರ ವಶವಾಯಿತು. ಸೇನೆಯ ಈಶಾನ್ಯ ಕಮಾಂಡ್‌ನ ಕೇಂದ್ರ ಕಚೇರಿ ಇದ್ದದ್ದು ಅಲ್ಲೇ. ಒಂದು ಪ್ರಾದೇಶಿಕ ಕಮಾಂಡ್ ಪೂರ್ತಿಯಾಗಿ ಎದುರಾಳಿಯ ಕೈ ಸೇರಿದ್ದು ಆ ಸೇನೆಯ ಇತಿಹಾಸದಲ್ಲೇ ಮೊದಲು. ಎಂಟು ತಿಂಗಳು ಕಳೆದು, 2025ರ ಏಪ್ರಿಲ್‌ನಲ್ಲಿ, ಅದೇ ಊರು ಮತ್ತೆ ಸೇನೆಯ ಕೈಗೆ ಬಂತು. ಅದಕ್ಕಾಗಿ ಒಂದು ಗುಂಡೂ ಹಾರಬೇಕಾಗಲಿಲ್ಲ. ಚೀನಾ ಕಳಿಸಿದ ತಂಡ ಮುಂದೆ ನಿಂತು ಹಸ್ತಾಂತರ ಮಾಡಿಸಿತು.

ಈ ಯುದ್ಧದ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಸೇನೆಯ ಹಿಡಿತದಲ್ಲಿ ದೇಶದ ಶೇಕಡ ಎಷ್ಟು ಉಳಿದಿದೆ ಎಂಬ ಲೆಕ್ಕದಿಂದಲೇ ಶುರು ಮಾಡುತ್ತಾರೆ. ನನಗೆ ಆ ಲೆಕ್ಕದಲ್ಲಿ ಅಷ್ಟು ನಂಬಿಕೆಯಿಲ್ಲ. ಇಡೀ ಮ್ಯಾನ್ಮಾರ್ ಒಂದೇ ಸರ್ಕಾರದ ಹಿಡಿತದಲ್ಲಿ ಇದ್ದ ದಿನ ಸ್ವಾತಂತ್ರ್ಯಾನಂತರ ಬಂದೇ ಇಲ್ಲ.

1947ರ ಫೆಬ್ರುವರಿಯಲ್ಲಿ ಪಾಂಗ್ಲಾಂಗ್ ಎಂಬ ಶಾನ್ ಊರಿನಲ್ಲಿ ಸ್ವಾತಂತ್ರ್ಯ ಹೋರಾಟದ ನಾಯಕ ಆಂಗ್ ಸಾನ್ ಅವರು ಗುಡ್ಡಗಾಡಿನ ಶಾನ್, ಕಚಿನ್, ಚಿನ್ ಜನಾಂಗಗಳ ನಾಯಕರ ಜೊತೆ ಒಪ್ಪಂದಕ್ಕೆ ಸಹಿ ಹಾಕಿದರು. ಗುಡ್ಡಗಾಡಿನವರಿಗೆ ಸ್ವಾಯತ್ತೆ ಸಿಗುತ್ತದೆ, ಅವರು ಒಕ್ಕೂಟದಲ್ಲಿ ಇರುತ್ತಾರೆ ಎಂಬುದು ಅದರ ತಿರುಳು. ಇನ್ನೊಂದು ಜನಾಂಗವಾದ ಕರೆನ್ನರು ಸಹಿ ಹಾಕಲಿಲ್ಲ. ಐದು ತಿಂಗಳಲ್ಲಿ ಆಂಗ್ ಸಾನ್ ಹತ್ಯೆಯಾಯಿತು. 1948ರ ಜನವರಿ 4ರಂದು ಸ್ವಾತಂತ್ರ್ಯ ಬಂತು, ಕೆಲವೇ ತಿಂಗಳಲ್ಲಿ ಕಮ್ಯುನಿಸ್ಟರು ಬಂದೂಕು ಹಿಡಿದರು, ಮರುವರ್ಷ ಕರೆನ್ನರು ದಂಗೆ ಎದ್ದರು. ಆಗಿನ ಸರ್ಕಾರಕ್ಕೆ ‘ರಂಗೂನ್ ಸರ್ಕಾರ’ ಎಂಬ ಅಡ್ಡಹೆಸರು ಬಿದ್ದದ್ದು ಸುಮ್ಮನೆ ಅಲ್ಲ. ರಾಜಧಾನಿ ರಂಗೂನಿನ ಹೊರವಲಯದ ಇನ್‌ಸೇನ್‌ನಲ್ಲೇ ಕಾಳಗ ನಡೆಯುತ್ತಿತ್ತು.

ಒಕ್ಕೂಟ ವ್ಯವಸ್ಥೆ ಎಂದರೆ ದೇಶ ಒಡೆದಂತೆ ಎಂದು ವಾದಿಸುತ್ತ 1962ರಲ್ಲಿ ಜನರಲ್ ನೆ ವಿನ್ ಅಧಿಕಾರ ಕಿತ್ತುಕೊಂಡರು. ಮುಂದೆ ಅವರ ಸೇನೆ ಗುಡ್ಡಗಾಡಿನಲ್ಲಿ ‘ನಾಲ್ಕು ಕಡಿತ’ ಎಂಬ ತಂತ್ರ ಹೂಡಿತು. ಬಂಡುಕೋರರಿಗೆ ಹೋಗುವ ಅನ್ನ, ಹಣ, ಸುದ್ದಿ, ಆಳು ನಾಲ್ಕನ್ನೂ ತಡೆಯುವುದು. ಕಾಗದದಲ್ಲಿ ಅದು ಯುದ್ಧತಂತ್ರ. ನೆಲದ ಮೇಲೆ ಅದರ ಅರ್ಥ ಹಳ್ಳಿ ಸುಡುವುದು, ಜನರನ್ನು ಒಕ್ಕಲೆಬ್ಬಿಸುವುದು. 2017ರಲ್ಲಿ ಏಳು ಲಕ್ಷಕ್ಕೂ ಹೆಚ್ಚು ರೋಹಿಂಗ್ಯಾಗಳು ಬಾಂಗ್ಲಾದೇಶಕ್ಕೆ ಓಡಿಹೋದಾಗ ಜಗತ್ತು ನೋಡಿದ್ದು ಈ ಹಳೆಯ ಪದ್ಧತಿಯನ್ನೇ.

1989ರಲ್ಲಿ ಕಮ್ಯುನಿಸ್ಟ್ ಪಕ್ಷ ಒಳಗಿನಿಂದಲೇ ಒಡೆಯಿತು. ಅದರಲ್ಲಿದ್ದ, ಚೀನಾ ಗಡಿಯ ವಾ ಮತ್ತು ಕೋಕಾಂಗ್ ಪ್ರದೇಶಗಳ ಪಡೆಗಳ ಜೊತೆ ಸೇನೆ ಕದನವಿರಾಮ ಮಾಡಿಕೊಂಡಿತು. ನಿಮ್ಮ ಪ್ರದೇಶ ನೀವೇ ಆಳಿಕೊಳ್ಳಿ, ಬಂದೂಕೂ ಇರಲಿ, ವ್ಯಾಪಾರವೂ ಇರಲಿ, ನಮ್ಮ ತಂಟೆಗೆ ಮಾತ್ರ ಬರಬೇಡಿ ಎಂಬಂಥ ಏರ್ಪಾಡು. 2008ರ ಸಂವಿಧಾನ ಸಂಸತ್ತಿನ ಕಾಲು ಭಾಗ ಸ್ಥಾನಗಳನ್ನು ಸೇನೆಗೇ ಮೀಸಲಿಟ್ಟಿತು. ಅದನ್ನು ತಿದ್ದಲು ಮುಕ್ಕಾಲಿಗಿಂತ ಹೆಚ್ಚು ಮತ ಬೇಕು. ಆಂಗ್ ಸಾನ್ ಅವರ ಮಗಳು ಆಂಗ್ ಸಾನ್ ಸೂ ಕಿ 2015ರಲ್ಲೂ 2020ರಲ್ಲೂ ಭಾರಿ ಬಹುಮತದಿಂದ ಗೆದ್ದರು. ಸೇನೆಯ ಬೀಗ ಮಾತ್ರ ತೆರೆಯಲಿಲ್ಲ.

ಆ ಬೀಗ ಇದ್ದೂ 2021ರ ಫೆಬ್ರುವರಿ 1ರಂದು ಸೇನಾ ಮುಖ್ಯಸ್ಥ ಮಿನ್ ಆಂಗ್ ಲೈಂಗ್ ದಂಗೆ ನಡೆಸಿ ಅಧಿಕಾರ ಕಿತ್ತುಕೊಂಡರು. ಬೀದಿಗಿಳಿದ ಹುಡುಗರ ಮೇಲೆ ಗುಂಡು ಹಾರಿತು. ಆಮೇಲೆ ಆದದ್ದು ದಶಕಗಳಿಂದ ಆಗಿರಲಿಲ್ಲ. ಅಷ್ಟು ಕಾಲ ಯುದ್ಧ ಎಂದರೆ ಹೆಚ್ಚಾಗಿ ಗಡಿಯ ಗುಡ್ಡಗಳಲ್ಲಿ ಬೇರೆ ಜನಾಂಗದವರ ಮೇಲೆ ನಡೆಯುವ ವಿದ್ಯಮಾನ. ಈಗ ಸೇನೆಗೆ ಆಳು ಒದಗಿಸುತ್ತಿದ್ದ ಬಹುಸಂಖ್ಯಾತ ಬಮಾರ್ ಸೀಮೆಯೇ, ಅಂದರೆ ಸಗಾಯಿಂಗ್, ಮಗ್ವೇ, ತಿಲಕರು ಸೆರೆಯಲ್ಲಿದ್ದ ಮಂಡಲೆಯ ಸುತ್ತಲಿನ ಹಳ್ಳಿಗಳು, ತಿರುಗಿಬಿದ್ದವು. ಕಾಲೇಜು ಹುಡುಗರು ಕರೆನ್, ಕಚಿನ್ ಶಿಬಿರಗಳಿಗೆ ಹೋಗಿ ತರಬೇತಿ ಪಡೆದರು. ಪದಚ್ಯುತ ಸಂಸದರು ಕಟ್ಟಿದ, ಭೂಗತವಾಗಿದ್ದ ರಾಷ್ಟ್ರೀಯ ಏಕತಾ ಸರ್ಕಾರ ಆ ಸೆಪ್ಟೆಂಬರ್‌ನಲ್ಲಿ ‘ಜನರ ರಕ್ಷಣಾ ಯುದ್ಧ’ ಘೋಷಿಸಿತು.

ಆದರೂ ನಕ್ಷೆ ದೊಡ್ಡದಾಗಿ ಬದಲಾದದ್ದು 2023ರ ಅಕ್ಟೋಬರ್ 27ರಂದು. ಕೋಕಾಂಗ್ ಪಡೆ, ಶಾನ್ ಗುಡ್ಡಗಳ ತಾಂಗ್ ಜನಾಂಗದ ಪಡೆ, ಪಶ್ಚಿಮದ ರಖೈನ್ ಜನಾಂಗದ ಅರಾಕನ್ ಆರ್ಮಿ ಮೂರೂ ಸೇರಿ ‘ಕಾರ್ಯಾಚರಣೆ 1027’ ಶುರು ಮಾಡಿದವು. ಇಲ್ಲಿ ಒಂದು ಸ್ವಾರಸ್ಯವಿದೆ. ಕೋಕಾಂಗ್‌ನ ಹಳೆಯ ನಾಯಕರನ್ನು 2009ರಲ್ಲಿ ಓಡಿಸಿ ಸೇನೆ ತನಗೆ ಬೇಕಾದ ಕುಟುಂಬಗಳನ್ನು ಅಲ್ಲಿ ಕೂರಿಸಿತ್ತು. ಆ ಕುಟುಂಬಗಳ ನೆರಳಿನಲ್ಲಿ ಕ್ಯಾಸಿನೊಗಳು, ನಂತರ ಆನ್‌ಲೈನ್ ವಂಚನೆಯ ಕೇಂದ್ರಗಳು ಬೆಳೆದವು. ಬಲಿಯಾದವರಲ್ಲಿ ಚೀನೀಯರೇ ಹೆಚ್ಚು. ನಿಲ್ಲಿಸಿ ಎಂದು ಬೀಜಿಂಗ್ ಹೇಳಿ ಹೇಳಿ ಸಾಕಾಯಿತು. ಬಂಡುಕೋರರು ವಂಚನೆ ಕೇಂದ್ರಗಳನ್ನು ಅಳಿಸುತ್ತೇವೆ ಎಂದು ಹೊರಟಾಗ ಚೀನಾ ತಡೆಯಲಿಲ್ಲ. 2024ರ ಜನವರಿಯಲ್ಲಿ ಕೋಕಾಂಗ್ ರಾಜಧಾನಿ ಲೌಕ್ಕಾಯ್‌ನಲ್ಲಿ ಎರಡು ಸಾವಿರಕ್ಕೂ ಹೆಚ್ಚು ಸೈನಿಕರು, ಬ್ರಿಗೇಡಿಯರ್ ಜನರಲ್‌ಗಳ ಸಮೇತ, ಶರಣಾದರು. (ಮುಚ್ಚಿದ ದಂಧೆ ಸತ್ತಿಲ್ಲ, ಥಾಯ್ ಗಡಿಯ ಮ್ಯಾವಡಿ ಕಡೆ ಜೋರಾಗಿದೆ. ನಮ್ಮವರ ಖಾತೆ ಖಾಲಿ ಮಾಡುವ ‘ಡಿಜಿಟಲ್ ಅರೆಸ್ಟ್’ ಕರೆಗಳಲ್ಲಿ ಎಷ್ಟೋ ಈ ಭಾಗದವೇ.)

ಇದೇ ಕೋಕಾಂಗ್ ಪಡೆಯ ಕೈಗೆ ಲಾಶಿಯೊ ಬಿದ್ದಾಗ ಚೀನಾದ ಲೆಕ್ಕ ತಿರುಗಿತು. ಕುನ್‌ಮಿಂಗ್‌ನಿಂದ ಮಂಡಲೆಗೆ ಬರುವ ಹೆದ್ದಾರಿ ಆ ಊರಿನ ಮೂಲಕವೇ ಹಾದುಹೋಗುತ್ತದೆ. ಮಂಡಲೆಯೂ ಬಿದ್ದು ಸೇನೆಯೇ ಕುಸಿದರೆ ಮುಂದೇನು ಎಂಬ ಭಯ ಹುಟ್ಟಿತು. ಗಡಿ ದ್ವಾರಗಳು ಮುಚ್ಚಿದವು, ಕೋಕಾಂಗ್‌ಗೆ ಹೋಗುತ್ತಿದ್ದ ವಿದ್ಯುತ್ತು, ಇಂಟರ್‌ನೆಟ್ ನಿಂತವು. ಕೋಕಾಂಗ್ ನಾಯಕ ಪೆಂಗ್ ದಾಶುನ್ ಚಿಕಿತ್ಸೆಗೆ ಬಂದಿದ್ದಾರೆ ಎಂದು ಚೀನಾ ಹೇಳಿತು, ಅವರು ಯುನ್ನಾನ್‌ನಲ್ಲಿ ಗೃಹಬಂಧನದಲ್ಲಿದ್ದಾರೆ ಎಂದು ಪತ್ರಿಕೆಗಳು ಬರೆದವು. 2025ರ ಜನವರಿಯಲ್ಲಿ ಕದನವಿರಾಮ, ಏಪ್ರಿಲ್‌ನಲ್ಲಿ ಹಸ್ತಾಂತರ. ಆ ಹೊತ್ತಿಗೆ ಸೇನೆಯೂ ಚೇತರಿಸಿಕೊಂಡಿತ್ತು: ಕಡ್ಡಾಯ ಸೇನಾ ಭರ್ತಿ, ಡ್ರೋನ್, ನಿಲ್ಲದ ವಾಯುದಾಳಿ. ಅಕ್ಟೋಬರ್‌ನಲ್ಲಿ ತಾಂಗ್ ಪಡೆಯೂ ಮಾಣಿಕ್ಯದ ಗಣಿಗಳ ಮೊಗೊಕ್ ಬಿಟ್ಟುಕೊಡಲು ಒಪ್ಪಿತು. ಡಿಸೆಂಬರ್ 28ರಿಂದ ಸೇನೆ ಹಂತಹಂತವಾಗಿ ಚುನಾವಣೆ ನಡೆಸಿತು. ಹಿಡಿತವಿಲ್ಲದ ಹತ್ತಾರು ತಾಲ್ಲೂಕುಗಳನ್ನು ಬಿಟ್ಟೇ.

ಪಶ್ಚಿಮದಲ್ಲಿ ಮಾತ್ರ ಚೀನಾದ ಕೈ ಅಷ್ಟು ಉದ್ದವಿಲ್ಲ. ಅಲ್ಲಿ ಅರಾಕನ್ ಆರ್ಮಿ ರಖೈನ್ ಪ್ರಾಂತ್ಯದ 17 ತಾಲ್ಲೂಕುಗಳಲ್ಲಿ 14 ಗೆದ್ದು, 2024ರ ಡಿಸೆಂಬರ್‌ನಲ್ಲಿ ಪಶ್ಚಿಮ ಕಮಾಂಡನ್ನೂ ವಶಪಡಿಸಿಕೊಂಡು, ತೆರಿಗೆ, ನ್ಯಾಯಾಲಯ ನಡೆಸುತ್ತಿದೆ. ಅಲ್ಲೇ ಉಳಿದ ರೋಹಿಂಗ್ಯಾಗಳಿಗೆ ಈ ಹೊಸ ದೊರೆಗಳ ಕೈಕೆಳಗೂ ನೆಮ್ಮದಿಯಿಲ್ಲ. ಸೇನೆಯ ಬಳಿ ಉಳಿದವು ಚೀನಾದ ತೈಲ, ಅನಿಲ ಕೊಳವೆ ಶುರುವಾಗುವ ಚಾಕ್‌ಪ್ಯೂ, ಮನೌಂಗ್ ದ್ವೀಪ, ಮತ್ತು ಭಾರತ ಬಂದರು ಕಟ್ಟಿದ ಸಿತ್ವೆ. ಸಿತ್ವೆಯಿಂದ ಮಿಜೋರಾಂಗೆ ಸರಕು ಸಾಗಿಸಬೇಕಾದ ಕಾಲಾದಾನ್ ಯೋಜನೆಯ ನಡುವಿನ ಪಲೆತ್ವಾ ಕೂಡ ಈಗ ಅರಾಕನ್ ಆರ್ಮಿಯದ್ದು. 2024ರ ಫೆಬ್ರುವರಿಯಲ್ಲಿ ಮಿಜೋರಾಂನ ರಾಜ್ಯಸಭಾ ಸದಸ್ಯ ಕೆ. ವನ್‌ಲಾಲ್ವೇನ ಗಡಿ ದಾಟಿ ಹೋಗಿ ಆ ರಸ್ತೆಯ ಬಗ್ಗೆ ಮಾತನಾಡಿದ್ದು ಅರಾಕನ್ ಆರ್ಮಿಯವರ ಜೊತೆಗೇ.